ಗುರಿ ಮಗನದೋ, ಅಪ್ಪನದೋ?

ಹದಿಹರೆಯದವರ ಜೊತೆ ಕೆಲಸ ಮಾಡುವ ಲೈಫ್ ಕೋಚ್‌ಗೆ ಬರುವ ಮೊದಲ ಫೋನ್ ಸಾಮಾನ್ಯವಾಗಿ ಆ ಹುಡುಗನದ್ದೂ ಅಲ್ಲ, ಹುಡುಗಿಯದ್ದೂ ಅಲ್ಲ. ಅಪ್ಪನದ್ದೋ ಅಮ್ಮನದ್ದೋ ಆಗಿರುತ್ತದೆ. ‘ತಲೆ ಚುರುಕಾಗಿದೆ ಸಾರ್, ಆದ್ರೆ ಓದಲ್ಲ. ಸದಾ ಮೊಬೈಲು. ನಾವು ಹೇಳಿದ್ರೆ ಕಿವಿಗೇ ಹಾಕ್ಕೊಳ್ಳಲ್ಲ, ಹೊರಗಿನವರು ಹೇಳಿದ್ರೆ ಕೇಳ್ತಾನೆ. ಸಿಇಟಿ ಹೊತ್ತಿಗೆ ಒಂಚೂರು ದಾರಿಗೆ ತಂದುಕೊಡಿ.’ ಈ ಮಾತಿನಲ್ಲಿ ಪ್ರೀತಿ ಇದೆ, ದಿಗಿಲು ಇದೆ, ಸಾಲ ಮಾಡಿಯಾದರೂ ಫೀಸು ಕೊಡುವ ತಯಾರಿಯೂ ಇದೆ. ಜೊತೆಗೆ ಒಂದು ಬೇಡಿಕೆಯೂ ಇದೆ: ನಾನು ಹೇಳಿ ಸೋತದ್ದನ್ನು ನೀವು ಹೇಳಿ ಗೆಲ್ಲಿಸಿ.

ಕೋಚ್ ಈ ಬೇಡಿಕೆಗೆ ಸುಮ್ಮನೆ ಒಪ್ಪಿಕೊಂಡರೆ ಕೆಲಸ ಶುರುವಾಗುವ ಮೊದಲೇ ಕೆಟ್ಟಿತು. ಹದಿನಾರರ ಹುಡುಗ ಬಾಗಿಲಲ್ಲೇ ಗುರುತು ಹಿಡಿಯುತ್ತಾನೆ, ಇವರು ಅಪ್ಪನ ಕಡೆಯವರು ಅಂತ. ಆಮೇಲೆ ಕೇಳಿದ್ದಕ್ಕೆಲ್ಲ ‘ಹ್ಞೂಂ ಸಾರ್’ ಅನ್ನುತ್ತಾನೆ, ವಾರಕ್ಕೊಂದು ತಾಸು ಕೂತು ಎದ್ದು ಹೋಗುತ್ತಾನೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಲ್ಲಿ ಟೀನ್ ಕೋಚ್, ಕರಿಯರ್ ಕೋಚ್, ಮೈಂಡ್‌ಸೆಟ್ ಕೋಚ್ ಅನ್ನುವ ಬೋರ್ಡುಗಳು ಹೆಚ್ಚುತ್ತಿರುವ ಈ ಹೊತ್ತಿನಲ್ಲಿ, ಯಾವ ಕೋಚ್ ಒಳ್ಳೆಯವರು ಅನ್ನುವುದಕ್ಕಿಂತ ಮೊದಲು ಪಾಲಕರು ಕೇಳಿಕೊಳ್ಳಬೇಕಾದದ್ದು ಇದನ್ನೇ: ಹಣ ಕೊಡುತ್ತಿರುವವರು ನಾವು, ಆದರೆ ಗುರಿ ಯಾರದ್ದು?

ಕೋಚಿಂಗ್ ಎಂದರೆ ನಮ್ಮಲ್ಲಿ ಟ್ಯೂಷನ್, ನೀಟ್ ಬ್ಯಾಚ್ ನೆನಪಿಗೆ ಬರುತ್ತದೆ. ಲೈಫ್ ಕೋಚಿಂಗ್‌ನ ಮೂಲ ಬೇರೆ. 1970ರ ದಶಕದ ಶುರುವಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತಿಮೋತಿ ಗಾಲ್ವೆ ಎಂಬುವರು ಟೆನಿಸ್ ಕಲಿಸುತ್ತಿದ್ದರು. ಹಿಂದೆ ಹಾರ್ವರ್ಡ್ ವಿಶ್ವವಿದ್ಯಾಲಯದ ಟೆನಿಸ್ ತಂಡದ ನಾಯಕರಾಗಿದ್ದವರು. ‘ಮಣಿಕಟ್ಟು ಹೀಗಿಡಿ, ಮೊಣಕಾಲು ಬಗ್ಗಿಸಿ’ ಎಂದು ಸೂಚನೆ ಹೆಚ್ಚಿಸಿದಷ್ಟೂ ಶಿಷ್ಯರ ಮೈ ಬಿಗಿಯಾಗುವುದನ್ನು, ಆಟ ಕೆಡುವುದನ್ನು ಅವರು ಗಮನಿಸಿದರು. ಸೂಚನೆ ನಿಲ್ಲಿಸಿ ಒಂದು ಸಣ್ಣ ಕೆಲಸ ಕೊಟ್ಟರು: ಚೆಂಡು ನೆಲಕ್ಕೆ ಬಿದ್ದ ಕ್ಷಣ ‘ಪುಟಿಯಿತು’ ಅನ್ನಿ, ರ‍್ಯಾಕೆಟ್ಟಿಗೆ ತಾಗಿದ ಕ್ಷಣ ‘ಹೊಡೆದೆ’ ಅನ್ನಿ, ಅಷ್ಟೇ. ಶಿಷ್ಯನ ಕಣ್ಣು ಚೆಂಡಿನ ಮೇಲೆ ನಿಂತಿತು. ‘ತಪ್ಪು ಮಾಡಿಬಿಟ್ಟೆನೇನೋ’ ಎಂಬ ಒಳಗಿನ ಗೊಣಗಾಟಕ್ಕೆ ಜಾಗ ಉಳಿಯಲಿಲ್ಲ. ಹೊಡೆತ ತಾನಾಗಿ ಸುಧಾರಿಸಿತು. 1974ರಲ್ಲಿ ಬಂದ ಅವರ ‘ದಿ ಇನ್ನರ್ ಗೇಮ್ ಆಫ್ ಟೆನಿಸ್’ ಟೆನಿಸ್ ಆಡದವರ ಕೈಗೂ ತಲುಪಿತು. ಬ್ರಿಟನ್ನಿನ ಮಾಜಿ ಕಾರ್ ರೇಸರ್ ಜಾನ್ ವಿಟ್‌ಮೋರ್ ಅದನ್ನು ಕಚೇರಿ-ಕಂಪನಿಗಳಿಗೆ ಒಯ್ದರು. ಏನು ಬೇಕು, ಈಗ ಎಲ್ಲಿದ್ದೀರಿ, ಯಾವ ಯಾವ ದಾರಿಗಳಿವೆ, ಅದರಲ್ಲಿ ಯಾವುದನ್ನು ಮಾಡುತ್ತೀರಿ ಎಂಬ ನಾಲ್ಕು ಮೆಟ್ಟಿಲಿನ ‘ಗ್ರೋ’ ಮಾದರಿ ಜನಪ್ರಿಯವಾದದ್ದು ಅವರ 1992ರ ಪುಸ್ತಕದಿಂದ. 1995ರಲ್ಲಿ ಥಾಮಸ್ ಲೆನಾರ್ಡ್ ಎಂಬ ಹಣಕಾಸು ಸಲಹೆಗಾರರು ಅಂತರರಾಷ್ಟ್ರೀಯ ಕೋಚಿಂಗ್ ಒಕ್ಕೂಟ ಕಟ್ಟಿದರು. ಅಲ್ಲಿಗೆ ಇದೊಂದು ವೃತ್ತಿಯಾಯಿತು.

ಈ ಮೂವರೂ ಕೆಲಸ ಮಾಡಿದ್ದು ಬಹುಪಾಲು ವಯಸ್ಕರ ಜೊತೆ. ಹಣ ಕೊಟ್ಟು, ತಾವೇ ಬಂದು, ತಮಗೇನು ಬೇಕೆಂದು ಹೇಳಬಲ್ಲವರ ಜೊತೆ. ಹದಿನೈದರ ಮಗುವಿಗೆ ಈ ಮೂರರಲ್ಲಿ ಒಂದೂ ಅನ್ವಯಿಸುವುದಿಲ್ಲ. ಅದಕ್ಕೇ ವಯಸ್ಕರ ಕೋಚಿಂಗನ್ನು ಹಾಗೇ ಚಿಕ್ಕದು ಮಾಡಿ ಮಕ್ಕಳಿಗೆ ತೊಡಿಸಲು ಬರುವುದಿಲ್ಲ.

ಒಳ್ಳೆಯ ಕೋಚಿಂಗ್ ಮಾತುಕತೆ ಹೇಗಿರುತ್ತದೆ ಎಂಬುದನ್ನು ಒಂದು ಮಾದರಿಯಲ್ಲಿ ನೋಡೋಣ. ಇಲ್ಲಿಯ ಹುಡುಗಿ ಕಲ್ಪಿತ, ಅವಳ ಕಷ್ಟ ಮಾತ್ರ ನಮ್ಮ ಸಾವಿರಾರು ಮಕ್ಕಳದ್ದು. ಗದಗದ ಕಡೆಯವಳು, ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ದಕ್ಷಿಣ ಕನ್ನಡದ ವಸತಿ ಪಿಯು ಕಾಲೇಜೊಂದರಲ್ಲಿ ಮೊದಲ ವರ್ಷದ ವಿಜ್ಞಾನ, ಜೊತೆಗೆ ನೀಟ್ ಬ್ಯಾಚು. ಬೆಳಿಗ್ಗೆ ಐದಕ್ಕೆ ಏಳುವುದು, ರಾತ್ರಿ ಹತ್ತೂವರೆವರೆಗೆ ಸ್ಟಡಿ ಅವರ್, ಭಾನುವಾರ ಮಾತ್ರ ಮನೆಗೆ ಫೋನು. ಅವಳು ಎದುರು ಕೂತು ಹೇಳುತ್ತಾಳೆ: ‘ಫಿಸಿಕ್ಸ್ ತಲಿಗೆ ಹತ್ತೂದs ಇಲ್ರೀ ಮೇಡಂ. ಅಪ್ಪಾಜಿ ಸಾಲಾ ಮಾಡಿ ಫೀ ಕಟ್ಯಾರ.’

ಬುದ್ಧಿ ಹೇಳುವವರಿಗೆ ಇಲ್ಲಿ ಹೇಳಲು ಬೇಕಾದಷ್ಟಿದೆ. ಅಪ್ಪನ ಕಷ್ಟ ನೆನೆಸಿಕೋ, ಮನಸ್ಸಿಟ್ಟು ಓದು, ಬೀದಿದೀಪದ ಕೆಳಗೆ ಓದಿದವರು ಏನೇನಾದರು ನೋಡು. ಅವಳು ಇದನ್ನೆಲ್ಲ ಕೇಳಿದ್ದಾಳೆ. ತನಗೆ ತಾನೇ ದಿನವೂ ಹೇಳಿಕೊಳ್ಳುತ್ತಾಳೆ. ಕೋಚ್ ಹಾಗನ್ನದೆ ಕೇಳುತ್ತಾರೆ: ‘ತಲೆಗೆ ಹತ್ತದೇ ಇರುವುದು ಕ್ಲಾಸಿನಲ್ಲಿ ಕೂತಾಗಲೋ, ರಾತ್ರಿ ಒಬ್ಬಳೇ ಓದುವಾಗಲೋ?’

ಹುಡುಗಿ ಒಂದು ಗಳಿಗೆ ಯೋಚಿಸುತ್ತಾಳೆ. ಹೀಗೆ ಯಾರೂ ಕೇಳಿರಲಿಲ್ಲ. ‘ಕ್ಲಾಸಿನ್ಯಾಗ ಸರ್ ಇಂಗ್ಲಿಷಿನ್ಯಾಗ ಜೋರ್ ಹೇಳ್ಕೋತ ಹೋಗ್ತಾರ್ರೀ. ಬರ್ಕೊಳ್ಳೂದ್ರಾಗs ಟೈಮ್ ಮುಗೀತದ. ರಾತ್ರಿ ನೋಟ್ಸ್ ತಗದ್ರ ನಾ ಬರದದ್ದು ನನಗs ತಿಳಿಯೂದಿಲ್ಲ.’

ಕಷ್ಟದ ಹೆಸರು ಬದಲಾಯಿತು. ಫಿಸಿಕ್ಸ್ ಬಾರದವಳು ಇವಳಲ್ಲ. ಇಂಗ್ಲಿಷಿನಲ್ಲಿ ಓಡುವ ಪಾಠದ ಹಿಂದೆ ಬಿದ್ದವಳು. ‘ನನಗೆ ಬುದ್ಧಿ ಸಾಲದು’ ಎಂದು ತಿಂಗಳುಗಟ್ಟಲೆ ತನ್ನನ್ನೇ ಹಳಿದುಕೊಂಡ ಮಗುವಿಗೆ ಇದು ಎಷ್ಟು ದೊಡ್ಡ ಬಿಡುಗಡೆ ಎಂಬುದನ್ನು ಹೊರಗಿನಿಂದ ಅಳೆಯುವುದು ಕಷ್ಟ.

ಕೋಚ್ ಮುಂದುವರಿಯುತ್ತಾರೆ: ‘ಮುಂದಿನ ಟೆಸ್ಟ್ ನಿಭಾಯಿಸ್ತೇನೆ ಅನ್ನುವ ಧೈರ್ಯಕ್ಕೆ ಹತ್ತರಲ್ಲಿ ಎಷ್ಟು ಕೊಡ್ತೀ?’ ‘ನಾಕು.’ ‘ಎರಡು ಯಾಕೆ ಕೊಡಲಿಲ್ಲ?’

ಎಂಟು ಯಾಕಿಲ್ಲ ಎಂದು ಕೇಳಿದ್ದರೆ ಅವಳು ತನ್ನ ಕೊರತೆಗಳ ಪಟ್ಟಿ ಬಿಚ್ಚುತ್ತಿದ್ದಳು. ಎರಡು ಯಾಕಿಲ್ಲ ಎಂದು ಕೇಳಿದ್ದರಿಂದ ತನ್ನ ಬಲವನ್ನು ಹುಡುಕಬೇಕಾಯಿತು. ‘ಎಸ್ಸೆಸ್ಸೆಲ್ಸಿಯೊಳಗ ವಿಜ್ಞಾನಕ್ಕ ಚಲೋ ಮಾರ್ಕ್ಸ್ ಬಂದಿದ್ವು. ಕನ್ನಡದಾಗ ಹೇಳಿದ್ರ ನನಗ ಲಗೂನ ತಿಳೀತದ.’ ‘ಹಾಗಾದ್ರೆ ನಾಲ್ಕನ್ನು ಐದು ಮಾಡ್ಲಿಕ್ಕೆ ಈ ವಾರ ಏನು ಮಾಡಬಹುದು?’ ಅವಳೇ ಒಂದೊಂದಾಗಿ ಹೇಳುತ್ತಾಳೆ. ಪಾಠದ ಹಿಂದಿನ ರಾತ್ರಿ ಆ ಅಧ್ಯಾಯದ ಇಂಗ್ಲಿಷ್ ಪದಗಳ ಅರ್ಥ ಬರೆದಿಟ್ಟುಕೊಳ್ಳುವುದು, ಮನೆಯಿಂದ ಹತ್ತನೆಯ ತರಗತಿಯ ಕನ್ನಡ ಪುಸ್ತಕ ತರಿಸಿಕೊಳ್ಳುವುದು, ಕ್ಲಾಸ್ ಮುಗಿದ ಮೇಲೆ ಸರ್ ಹತ್ತಿರ ಹೋಗುವುದು. ಸರ್ ಹತ್ತಿರ ಹೋಗಲು ಹೆದರಿಕೆ. ಮೊದಲನೆಯದು ಇರಲಿ ಎನ್ನುತ್ತಾಳೆ. ‘ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಕೂತು?’ ‘ಮಂಗಳವಾರ, ರಾತ್ರಿ ಊಟ ಆದಮ್ಯಾಲೆ, ಸ್ಟಡಿ ಹಾಲಿನ್ಯಾಗ.’ ‘ಅಡ್ಡಿ ಏನು ಬರಬಹುದು?’ ‘ಬಾಜೂಕಿನಾಕಿ ನೋಡಿ ನಗ್ತಾಳ, ಇಷ್ಟೂ ಬರೂದಿಲ್ಲೇನು ಅಂತ.’ ‘ನಕ್ಕರೆ ಏನು ಮಾಡ್ತೀ?’ ಅದಕ್ಕೂ ಒಂದು ಉತ್ತರ ಅವಳೇ ಹುಡುಕಿದ ಮೇಲೆ ಮಾತುಕತೆ ಮುಗಿಯುತ್ತದೆ.

ಇಷ್ಟೇನಾ ಅನ್ನಿಸಬಹುದು. ಪದಗಳ ಪಟ್ಟಿಯ ಉಪಾಯ ಅನುಭವಿ ಮೇಷ್ಟರೊಬ್ಬರು ಎರಡು ನಿಮಿಷದಲ್ಲಿ ಹೇಳಬಲ್ಲದ್ದೇ. ಆದರೆ ಮೇಷ್ಟರು ಹೇಳಿದ ಉಪಾಯ ಮೇಷ್ಟರದ್ದಾಗಿ ಉಳಿಯುತ್ತದೆ. ತಾನೇ ಹೇಳಿದ್ದನ್ನು ಮಾಡದೆ ಬಿಡುವುದು ಅಷ್ಟು ಸುಲಭವಲ್ಲ.

ಇದರ ಹಿಂದೆ ಗಟ್ಟಿ ಅಧ್ಯಯನಗಳಿವೆ. ‘ಎರಡು ಯಾಕೆ ಕೊಡಲಿಲ್ಲ’ ಎಂಬಂಥ ಪ್ರಶ್ನೆಯನ್ನು ಹೆಚ್ಚಾಗಿ ಬಳಸುವುದು ‘ಮೋಟಿವೇಷನಲ್ ಇಂಟರ್‌ವ್ಯೂಯಿಂಗ್’ ಎಂಬ ಪದ್ಧತಿ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಮಿಲ್ಲರ್ 1983ರಲ್ಲಿ ಅದನ್ನು ಮೊದಲು ವಿವರಿಸಿದ್ದು ಮದ್ಯವ್ಯಸನಿಗಳ ಜೊತೆಗಿನ ಕೆಲಸದಿಂದ. ಹತ್ತು ವರ್ಷದ ನಂತರ ಅವರ ತಂಡ ಕಂಡುಕೊಂಡ ಸಂಗತಿಯನ್ನು ಪ್ರತಿ ಪಾಲಕರೂ ತಿಳಿದಿರಬೇಕು: ಚಿಕಿತ್ಸಕರು ವ್ಯಸನಿಯನ್ನು ಎಷ್ಟು ಹೆಚ್ಚು ತರಾಟೆಗೆ ತೆಗೆದುಕೊಂಡಿದ್ದರೋ ವರ್ಷದ ಬಳಿಕ ಆತ ಅಷ್ಟು ಹೆಚ್ಚು ಕುಡಿಯುತ್ತಿದ್ದ. ಒತ್ತಿ ಹೇಳಿದಷ್ಟೂ ಮನಸ್ಸು ಎದುರು ದಿಕ್ಕಿಗೆ ವಾದ ಹೂಡುತ್ತದೆ. ವಯಸ್ಕರಲ್ಲೇ ಹೀಗಾದರೆ, ‘ನಾನು ಯಾರು’ ಎಂದು ಹುಡುಕಾಡುವ ವಯಸ್ಸಿನಲ್ಲಿ ಹೇಗಿರಬೇಡ? ಮುಂದಾಲೋಚನೆ, ಹತೋಟಿಗೆ ಆಧಾರವಾದ ಮಿದುಳಿನ ಮುಂಭಾಗ ಪೂರ್ತಿ ಪಕ್ವವಾಗುವುದು ಇಪ್ಪತ್ತರ ದಶಕದ ನಡುವಿಗೆ. ಅಲ್ಲಿಯವರೆಗೆ ಅದಕ್ಕೆ ಬೇಕಾದದ್ದು ತೀರ್ಮಾನ ಮಾಡಿ ಮಾಡಿ ಬರುವ ರೂಢಿ. ಪ್ರತಿ ತೀರ್ಮಾನವನ್ನೂ ನಾವೇ ಮಾಡಿಕೊಟ್ಟರೆ ಆ ರೂಢಿ ಬರುವುದು ಯಾವಾಗ?

‘ಅಡ್ಡಿ ಏನು ಬರಬಹುದು’ ಎಂಬ ಪ್ರಶ್ನೆಯೂ ಸುಮ್ಮನೆ ಬಂದದ್ದಲ್ಲ. ಜರ್ಮನ್ ಮನೋವಿಜ್ಞಾನಿ ಗೇಬ್ರಿಯೆಲೆ ಎಟಿಂಗನ್ ಕನಸು ಕಾಣುವುದರ ಬಗ್ಗೆಯೇ ದಶಕಗಳ ಕಾಲ ಅಧ್ಯಯನ ಮಾಡಿದವರು. ಪದವಿ ಮುಗಿಸಿದವರಲ್ಲಿ ಒಳ್ಳೆಯ ಕೆಲಸ ಸಿಕ್ಕಂತೆ ಸುಖವಾಗಿ ಕಲ್ಪಿಸಿಕೊಳ್ಳುತ್ತಿದ್ದವರೇ ಎರಡು ವರ್ಷದ ನಂತರ ಕಡಿಮೆ ಕೆಲಸದ ಕರೆ, ಕಡಿಮೆ ಸಂಬಳ ಪಡೆದಿದ್ದರು. ಕನಸಿನ ಪಕ್ಕದಲ್ಲೇ ಅಡ್ಡಿಯನ್ನೂ ಇಟ್ಟು, ‘ಹೀಗಾದರೆ ಹಾಗೆ ಮಾಡುತ್ತೇನೆ’ ಎಂದು ಮೊದಲೇ ಗೊತ್ತು ಮಾಡಿಕೊಂಡಾಗ ಫಲಿತಾಂಶ ಬೇರೆ. 2011ರಲ್ಲಿ ಪ್ರಕಟವಾದ, ಮನೋವಿಜ್ಞಾನಿ ಏಂಜೆಲಾ ಡಕ್‌ವರ್ತ್ ಮತ್ತು ಎಟಿಂಗನ್ ಜೊತೆಯಾಗಿ ಮಾಡಿದ ಅಧ್ಯಯನದಲ್ಲಿ ಮಹತ್ವದ ಪರೀಕ್ಷೆಯೊಂದಕ್ಕೆ ತಯಾರಾಗುತ್ತಿದ್ದ ಹೈಸ್ಕೂಲು ಮಕ್ಕಳು ಅರ್ಧ ತಾಸು ಕೂತು ಹೀಗೆ ಬರೆದರು. ರಜೆಯಲ್ಲಿ ಅವರು ಬಿಡಿಸಿದ ಅಭ್ಯಾಸದ ಪ್ರಶ್ನೆಗಳು ಉಳಿದವರಿಗಿಂತ ಶೇ 60ಕ್ಕೂ ಹೆಚ್ಚು. ಸಭಾಂಗಣ ತುಂಬ ಮಕ್ಕಳನ್ನು ಕೂರಿಸಿ, ಕಣ್ಣು ಮುಚ್ಚಿಸಿ, ‘ನೀನು ಡಾಕ್ಟರ್ ಆಗಿದ್ದೀ, ಅಮ್ಮ ಅಳುತ್ತಿದ್ದಾಳೆ’ ಎಂದು ಸಂಗೀತ ಹಾಕಿ ಅಳಿಸುವ ಪ್ರೇರಣಾ ಶಿಬಿರಗಳಿಗೆ ಫೀಸು ಕಟ್ಟುವ ಮೊದಲು ಈ ಎರಡು ಅಧ್ಯಯನಗಳನ್ನು ನೆನಪಿಡಿ. ಆ ಅಳು ನಿಜವಾದದ್ದೇ. ಸೋಮವಾರ ಬೆಳಿಗ್ಗೆ ಅದು ಪುಸ್ತಕ ತೆರೆಸುವುದಿಲ್ಲ.

ನಮ್ಮ ದೇಶದ ಅನುಭವ ಏನು ಹೇಳುತ್ತದೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಶ್ರೀಕಲಾ ಭರತ್ ಮತ್ತು ಡಾ. ಕೆ.ವಿ. ಕಿಶೋರ್ ಕುಮಾರ್ ಪ್ರೌಢಶಾಲೆಯ ಮಕ್ಕಳಿಗಾಗಿ ಜೀವನ ಕೌಶಲ ಶಿಕ್ಷಣದ ಮಾದರಿಯೊಂದನ್ನು ರೂಪಿಸಿದರು. ನಿರ್ಧಾರ ಮಾಡುವುದು, ಒತ್ತಡ ನಿಭಾಯಿಸುವುದು, ಒಲ್ಲೆ ಎನ್ನುವುದು, ಇನ್ನೊಬ್ಬರ ಜಾಗದಲ್ಲಿ ನಿಂತು ನೋಡುವುದು ಇವನ್ನೆಲ್ಲ ಶಾಲೆಯ ಶಿಕ್ಷಕರೇ ಚಟುವಟಿಕೆಗಳ ಮೂಲಕ ಕಲಿಸುವ ಕ್ರಮ ಅದು. ವರ್ಷದ ಕೊನೆಗೆ ಅದರಲ್ಲಿ ಪಾಲ್ಗೊಂಡ 605 ಮಕ್ಕಳನ್ನು ಪಾಲ್ಗೊಳ್ಳದ 423 ಮಕ್ಕಳ ಜೊತೆ ಹೋಲಿಸಿ 2010ರಲ್ಲಿ ಪ್ರಕಟಿಸಿದರು. ಆತ್ಮಗೌರವ, ಕಷ್ಟ ನಿಭಾಯಿಸುವ ಶಕ್ತಿ, ಶಾಲೆ ಮತ್ತು ಶಿಕ್ಷಕರೊಂದಿಗಿನ ಹೊಂದಾಣಿಕೆ ಎಲ್ಲವೂ ಸುಧಾರಿಸಿದ್ದವು. ಗೆಳೆಯರೊಂದಿಗಿನ ಮತ್ತು ಮನೆಯೊಂದಿಗಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮನೆಯ ಕುರಿತ ಈ ಮಾತು ನನಗೆ ಆ ಅಧ್ಯಯನದ ಅತಿ ಮುಖ್ಯ ಸಾಲು ಅನ್ನಿಸುತ್ತದೆ. ಶಾಲೆಯಲ್ಲಿ ಮಗುವಿನ ಜೊತೆ ಶಿಕ್ಷಕರೂ ಬದಲಾಗಿರಬೇಕು, ಮನೆಯಲ್ಲಿ ಬದಲಾದದ್ದು ಮಗು ಒಂದೇ.

ಬಿಹಾರದ ನಳಂದಾ ಜಿಲ್ಲೆಯ 75 ಶಾಲೆಗಳಲ್ಲಿ ನಡೆದ ‘ಸೆಹೆರ್’ ಎಂಬ ಪ್ರಯೋಗ ಇನ್ನೊಂದು ಪಾಠ ಕಲಿಸುತ್ತದೆ. ಹೆಚ್ಚುಕಡಿಮೆ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಅಲ್ಲಿಯ ಶಿಕ್ಷಕರಿಗೆ, ಇನ್ನು ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಹೊರಗಿನ ಸಲಹೆಗಾರರಿಗೆ ಒಪ್ಪಿಸಿದರು. 2018ರಲ್ಲಿ ಬಂದ ಫಲಿತಾಂಶದಲ್ಲಿ ಹೊರಗಿನ ಸಲಹೆಗಾರರಿದ್ದ ಶಾಲೆಗಳ ವಾತಾವರಣ ತಿಳಿಯಾಗಿತ್ತು, ಮಕ್ಕಳ ಖಿನ್ನತೆ, ಪೀಡನೆ ತಗ್ಗಿದ್ದವು. ಶಿಕ್ಷಕರಿಗೆ ಒಪ್ಪಿಸಿದ ಕಡೆ ಅಂಥ ಫಲ ಬರಲಿಲ್ಲ. ಶಿಕ್ಷಕರ ಮನಸ್ಸು ಕೆಟ್ಟದ್ದು ಅಂತಲ್ಲ. ಅಂಕ ಕೊಡುವ ಕೈ, ಪಾಲಕರಿಗೆ ದೂರು ಹೇಳುವ ಬಾಯಿ ಇರುವವರ ಎದುರು ಮಗು ಮನಸ್ಸು ಬಿಚ್ಚುವುದು ಕಷ್ಟ. ದೆಹಲಿಯ ಸರ್ಕಾರಿ ಶಾಲೆಗಳ 251 ಮಕ್ಕಳೊಂದಿಗೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ ಕೆಲಸ ಮಾಡಿದವರು ಮನೋಚಿಕಿತ್ಸಕರಲ್ಲ, ತರಬೇತಿ ಪಡೆದ ಸಾಮಾನ್ಯ ಪದವೀಧರರು. ಸಮಸ್ಯೆ ಗುರುತಿಸು, ದಾರಿಗಳನ್ನು ಬರೆ, ಒಂದನ್ನು ಮಾಡಿ ನೋಡು ಎಂಬಷ್ಟೇ ಸರಳ ಕ್ರಮ, ನಾಲ್ಕೈದು ಭೇಟಿ. ಮಕ್ಕಳು ಹೇಳಿಕೊಂಡಿದ್ದ ನಿತ್ಯದ ತೊಂದರೆಗಳು ಗಣನೀಯವಾಗಿ ಇಳಿದವು. ಆದರೆ ಮಾನಸಿಕ ಅನಾರೋಗ್ಯದ ಲಕ್ಷಣಗಳಲ್ಲಿ ಆರು ವಾರದ ಕೊನೆಗೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಕೋಚಿಂಗ್‌ನ ಶಕ್ತಿ ಮತ್ತು ಮಿತಿ ಎರಡನ್ನೂ ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಅಧ್ಯಯನ ಅಪರೂಪ.

ಮತ್ತೆ ಹಣ ಕೊಡುವವರ ವಿಷಯಕ್ಕೆ ಬರುತ್ತೇನೆ. ಒಳ್ಳೆಯ ಕೋಚ್ ಮೊದಲ ಭೇಟಿಯಲ್ಲೇ ಪಾಲಕರನ್ನೂ ಮಗುವನ್ನೂ ಒಟ್ಟಿಗೆ ಕೂರಿಸಿ ಒಪ್ಪಂದ ಮಾಡಿಕೊಳ್ಳುತ್ತಾರೆ. ಒಳಗೆ ಆಡಿದ ಮಾತು ಒಳಗೇ ಉಳಿಯುತ್ತದೆ. ಬರುತ್ತಿದ್ದಾನೆಯೇ, ಕೆಲಸ ಸಾಗುತ್ತಿದೆಯೇ ಎಂಬಷ್ಟನ್ನು ಮಾತ್ರ ಪಾಲಕರಿಗೆ ತಿಳಿಸುವುದು, ಅದನ್ನೂ ಮಗುವಿಗೆ ಹೇಳಿಯೇ ತಿಳಿಸುವುದು. ಗುಟ್ಟಿಗೆ ಎಲ್ಲೆಗಳಿವೆ ಎಂಬುದನ್ನೂ ಆಗಲೇ ಹೇಳಬೇಕು. ಪ್ರಾಣಕ್ಕೆ ಅಪಾಯವಿದ್ದರೆ ಮನೆಯವರಿಗೆ ತಿಳಿಸಲೇಬೇಕು. 18 ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಬೇಕು, ತಿಳಿಸದಿರುವುದು ಅಪರಾಧ. ಇದನ್ನೆಲ್ಲ ಮೊದಲೇ ಹೇಳದೆ ಮಗುವಿನ ಬಾಯಿ ಬಿಡಿಸಿ, ಆಮೇಲೆ ಅಮ್ಮನಿಗೆ ಫೋನ್ ಮಾಡುವ ಕೋಚ್ ಆ ಮಗುವಿಗೆ ಮುಂದೆ ಯಾರನ್ನೂ ನಂಬದಿರಲು ಕಲಿಸುತ್ತಾರೆ.

ಒಪ್ಪಂದದ ಇನ್ನೊಂದು ಭಾಗ ಗುರಿಯದ್ದು. ಅಪ್ಪನ ಗುರಿ ರ‍್ಯಾಂಕು. ಮಗನ ಗುರಿ, ಕೇಳಿ ನೋಡಿದರೆ, ‘ಮನೆಯಲ್ಲಿ ಊಟದ ಹೊತ್ತಿಗೆ ಮಾರ್ಕ್ಸ್ ಮಾತು ಬರಬಾರದು’ ಎಂಬುದೂ ಆಗಿರಬಹುದು. ಪಾಲಕರ ಬಯಕೆಯನ್ನು ಅಲ್ಲಗಳೆಯಬೇಕಿಲ್ಲ. ಅದನ್ನು ಎದುರಿಗೇ ಹೇಳಲಿ, ಮಗನೂ ತನ್ನದನ್ನು ಹೇಳಲಿ, ಎರಡನ್ನೂ ಕಾಗದದ ಮೇಲೆ ಬರೆಯಲಿ. ಕೆಲಸ ಶುರುವಾಗಬೇಕಾದದ್ದು ಮಗ ಬರೆದದ್ದರಿಂದ. ಊಟದ ಹೊತ್ತಿನ ಜಗಳ ನಿಂತ ಮನೆಯಲ್ಲಿ ಓದು ತಾನಾಗಿ ಹಳಿಗೆ ಬರುವುದು ಅಪರೂಪವೇನಲ್ಲ.

ಮಾರುಕಟ್ಟೆಯ ಬಗ್ಗೆ ಎಚ್ಚರದ ಮಾತು ಹೇಳಲೇಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಡಿ ನೋಂದಣಿ ಬೇಕು. ಲೈಫ್ ಕೋಚ್ ಎಂದು ಬೋರ್ಡು ಹಾಕಲು ನಮ್ಮ ದೇಶದಲ್ಲಿ ಯಾವ ಪರವಾನಗಿಯೂ ಬೇಕಿಲ್ಲ. ಎರಡು ದಿನದ ಆನ್‌ಲೈನ್ ಕೋರ್ಸ್ ಮಾಡಿದವರೂ ಕೋಚ್, ವರ್ಷಗಟ್ಟಲೆ ದುಡಿದವರೂ ಕೋಚ್. ಅಂತರರಾಷ್ಟ್ರೀಯ ಒಕ್ಕೂಟದ ಮೊದಲ ಹಂತದ ಪ್ರಮಾಣಪತ್ರಕ್ಕೆ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ಅತ್ಯುನ್ನತ ಹಂತಕ್ಕೆ 2,500 ಗಂಟೆ ಅನುಭವ. ಇದೊಂದು ಅಳತೆ ಹೌದು, ಆದರೆ ಆ ಗಂಟೆಗಳು ಕಂಪನಿಯ ಮ್ಯಾನೇಜರುಗಳ ಜೊತೆ ಕಳೆದವೋ, ಮಕ್ಕಳ ಜೊತೆ ಕಳೆದವೋ ಎಂಬುದು ಅದರಿಂದ ತಿಳಿಯುವುದಿಲ್ಲ. ಆದ್ದರಿಂದ ನೇರವಾಗಿ ಕೇಳಬೇಕು: ಹದಿಹರೆಯದವರ ಜೊತೆ ಎಷ್ಟು ಕೆಲಸ ಮಾಡಿದ್ದೀರಿ? ನಿಮ್ಮ ಕೆಲಸವನ್ನು ನೋಡಿ ತಿದ್ದುವ ಹಿರಿಯರು ಯಾರಾದರೂ ಇದ್ದಾರೆಯೇ? ಇದು ನನ್ನ ಕೈ ಮೀರಿದ್ದು ಅನ್ನಿಸಿದರೆ ಯಾವ ವೈದ್ಯರ ಬಳಿ ಕಳಿಸುತ್ತೀರಿ? ಕೊನೆಯ ಪ್ರಶ್ನೆಗೆ ‘ಅಂಥ ಸಂದರ್ಭವೇ ಬರುವುದಿಲ್ಲ’ ಎನ್ನುವವರನ್ನು ಬಿಟ್ಟು ಬನ್ನಿ.

ಬೆರಳಚ್ಚು ತೆಗೆದು ಮಗುವಿನ ಬುದ್ಧಿಶಕ್ತಿ, ಮುಂದಿನ ವೃತ್ತಿ ಹೇಳುತ್ತೇವೆ ಎನ್ನುವ ‘ಡಿಎಂಐಟಿ’ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುವಂತೆ ಮಾಡುತ್ತೇವೆ ಎನ್ನುವ ‘ಮಿಡ್‌ಬ್ರೇನ್ ಆಕ್ಟಿವೇಷನ್’ ಅನ್ನು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಊರೂರು ಸುತ್ತಿ ಬಯಲಿಗೆಳೆದಿದ್ದಾರೆ. ಮಕ್ಕಳು ಓದುವುದು ಮೂಗಿನ ಪಕ್ಕದ ಸಂದಿಯಿಂದ. ಅಲ್ಲಿ ಹೋದ ದುಡ್ಡಿಗಿಂತ ನನಗೆ ಸಂಕಟ ತರುವುದು, ದೊಡ್ಡವರನ್ನು ಮೆಚ್ಚಿಸಲು ಮಗು ಸುಳ್ಳು ಹೇಳುವಂತಾಗುವುದು.

ಕೋಚ್ ಬದಿಗೆ ಸರಿದು ವೈದ್ಯರಿಗೆ ದಾರಿ ಬಿಡಬೇಕಾದ ಹೊತ್ತೂ ಇದೆ. ವಾರಗಟ್ಟಲೆ ನಿದ್ದೆ-ಊಟ ಕೆಟ್ಟಿದ್ದರೆ, ಮೊದಲು ಇಷ್ಟಪಡುತ್ತಿದ್ದ ಆಟ, ಗೆಳೆಯರು ಎಲ್ಲವೂ ಬೇಡವಾಗಿದ್ದರೆ, ಮೈಗೆ ಗಾಯ ಮಾಡಿಕೊಳ್ಳುತ್ತಿದ್ದರೆ, ‘ನಾನಿಲ್ಲದಿದ್ದರೇ ಒಳ್ಳೆಯದು’ ಎಂಬ ಮಾತು ಬಂದರೆ ಗುರಿ, ಯೋಜನೆಗಳ ಮಾತು ಅಲ್ಲಿಗೆ ನಿಲ್ಲಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ನೀಟ್‌ಗೆ ತಯಾರಾಗುತ್ತಿದ್ದ 17 ವರ್ಷದ ಬಾಲಕಿಯೊಬ್ಬಳು ವಿಶಾಖಪಟ್ಟಣದಲ್ಲಿ ತೀರಿಕೊಂಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ಕೊಟ್ಟಿದೆ: 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರಿರಬೇಕು, ಅಂಕದ ಆಧಾರದಲ್ಲಿ ಬ್ಯಾಚ್ ಬೇರ್ಪಡಿಸಬಾರದು, ಮಕ್ಕಳನ್ನು ಎಲ್ಲರೆದುರು ಅವಮಾನಿಸಬಾರದು. ಪಿಯು ಕಾಲೇಜಿಗೆ ಸೇರಿಸುವಾಗ ಹಾಸ್ಟೆಲಿನ ಊಟ, ಫಲಿತಾಂಶದ ಬ್ಯಾನರ್ ನೋಡುವ ಪಾಲಕರು ‘ಆಪ್ತಸಮಾಲೋಚಕರು ಯಾರು, ಎಲ್ಲಿ ಕೂರುತ್ತಾರೆ, ಭೇಟಿ ಮಾಡಬಹುದೇ’ ಎಂದೂ ಕೇಳಲಿ. ಕೇಳುವವರು ಹೆಚ್ಚಾದರೆ ಆ ಕುರ್ಚಿ ಖಾಲಿ ಉಳಿಯಲಾರದು.

ಇಷ್ಟೆಲ್ಲ ಓದಿ, ಇದು ದುಡ್ಡಿರುವವರ ಬಾಬತ್ತು ಎಂದುಕೊಳ್ಳಬೇಕಿಲ್ಲ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಕಟ್ಟಿದ ‘ಯುವಸ್ಪಂದನ’ ಜಿಲ್ಲಾ ಕೇಂದ್ರಗಳಿಗೆ ತಲುಪಿತು. ಕೇಂದ್ರವನ್ನು ಆಸ್ಪತ್ರೆಯಲ್ಲಿಡದೆ ಜಿಲ್ಲಾ ಕ್ರೀಡಾಂಗಣದಲ್ಲಿಟ್ಟದ್ದು ಬಹಳ ವಿವೇಕದ ನಿರ್ಧಾರ. ಮಾನಸಿಕ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವ ಹುಡುಗ ವಾಲಿಬಾಲ್ ಆಡಿ ಬರುವಾಗ ಸಹಜವಾಗಿ ಒಳಗೆ ಇಣುಕಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆರೋಗ್ಯ, ಓದು, ವ್ಯಕ್ತಿತ್ವ, ಸಂಬಂಧ, ಸುರಕ್ಷತೆ, ಲೈಂಗಿಕತೆ ಎಲ್ಲಕ್ಕೂ ಅಲ್ಲಿ ಅವಕಾಶ. ಕೆಲಸ ಮಾಡುವವರು ತರಬೇತಿ ಪಡೆದ ಸ್ಥಳೀಯ ‘ಯುವ ಪರಿವರ್ತಕರು’, ಅದೇ ಜಿಲ್ಲೆಯ ಮಾತಾಡುವವರು. ಪಿಯು ಮುಗಿಯುವ ಮೊದಲೇ ಮದುವೆ ಮಾತು ಬಂದ ಹುಡುಗಿಗೆ ಬೇಕಾದದ್ದು ಅಂಥವರು. ಅವಳ ಸೋದರಮಾವನ ಜೊತೆ ಅವರದ್ದೇ ಧಾಟಿಯಲ್ಲಿ ಮಾತಾಡಬಲ್ಲವರು. 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ಗಳೂ ಇವೆ. ಕನ್ನಡದಲ್ಲಿ ಮನಸ್ಸಿನ ಬಗ್ಗೆ ನೂರಾರು ಪುಸ್ತಕ ಬರೆದು, 2024ರಲ್ಲಿ ಪದ್ಮಶ್ರೀ ಪಡೆದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಉಚಿತ ಆಪ್ತಸಲಹಾ ಕೇಂದ್ರ ನಡೆಸಿದರು. ಗೃಹಿಣಿಯರು, ನಿವೃತ್ತರಂಥ ಸಾಮಾನ್ಯರಿಗೆ ಕೇಳಿಸಿಕೊಳ್ಳುವ ಕಲೆ ಕಲಿಸಿದರು. ಕರ್ನಾಟಕದಲ್ಲಿ ಈ ಕೆಲಸ ಲೈಫ್ ಕೋಚ್ ಎಂಬ ಬೋರ್ಡು ಬರುವ ಮೊದಲಿನಿಂದಲೂ ಇದೆ.

ಇಪ್ಪತ್ತು ದಾಟಿದವರ ಕಷ್ಟ ಇನ್ನೊಂದು ಬಗೆಯದ್ದು. ಧಾರವಾಡದ ಸಪ್ತಾಪುರಕ್ಕೆ ಹೋದರೆ ಓಣಿಗೊಂದು ಕೋಚಿಂಗ್ ಸೆಂಟರ್, ರೀಡಿಂಗ್ ರೂಮು, ಖಾನಾವಳಿ. ಬೆಂಗಳೂರಿನ ವಿಜಯನಗರದಲ್ಲೂ ಅದೇ ನೋಟ. ಕೆಎಎಸ್, ಪಿಎಸ್ಐ, ಎಫ್‌ಡಿಎ ಎನ್ನುತ್ತ ಇಪ್ಪತ್ತೆರಡಕ್ಕೆ ಬಂದು ಇಪ್ಪತ್ತೇಳು, ಇಪ್ಪತ್ತೆಂಟಾದವರು ಅಲ್ಲಿದ್ದಾರೆ. 2021ರ ಅಕ್ಟೋಬರಿನಲ್ಲಿ 545 ಪಿಎಸ್ಐ ಹುದ್ದೆಗಳಿಗೆ 50 ಸಾವಿರಕ್ಕೂ ಹೆಚ್ಚು ಜನ ಪರೀಕ್ಷೆ ಬರೆದರು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವನ ಎರಡು ವರ್ಷ ಹೋಯಿತು. ಅವನಿಗೆ ‘ನಿನ್ನ ಮೈಂಡ್‌ಸೆಟ್ ಬದಲಿಸಿಕೋ’ ಎನ್ನುವುದು ಅನ್ಯಾಯ. ವ್ಯವಸ್ಥೆಯ ತಪ್ಪನ್ನು ಹುಡುಗನ ಮನೋಬಲದ ಕೊರತೆ ಎಂದು ಹೇಳುವ ಯಾವ ಮಾರ್ಗದರ್ಶನಕ್ಕೂ ನನ್ನ ಒಪ್ಪಿಗೆಯಿಲ್ಲ. ನಿನ್ನ ಕೈಯಲ್ಲಿ ಇಲ್ಲದ್ದು ಯಾವುದು, ಇರುವುದು ಯಾವುದು ಎಂದು ಅವನ ಜೊತೆ ಕೂತು ಬೇರೆ ಮಾಡುವುದು ಕೋಚ್ ಕೆಲಸ.

ಅಧಿಸೂಚನೆ ಯಾವಾಗ ಬರುತ್ತದೆ, ಪರೀಕ್ಷೆ ಮುಂದೂಡುತ್ತಾರಾ, ಕೋರ್ಟ್ ತಡೆ ಬರುತ್ತದಾ, ಇವು ಅವನ ಕೈಯಲ್ಲಿಲ್ಲ. ಇನ್ನೂ ಎಷ್ಟು ಪ್ರಯತ್ನ ಮಾಡುವುದು, ಯಾವ ತಾರೀಖಿಗೆ ನಿಲ್ಲಿಸುವುದು, ಅಷ್ಟರಲ್ಲಿ ಅರ್ಧ ದಿನ ಪಾಠ ಹೇಳಿ ಖಾನಾವಳಿ ಖರ್ಚು ತಾನೇ ದುಡಿಯುವುದಾ, ಬಿ.ಇಡಿ. ಅರ್ಜಿ ಹಾಕುವುದಾ, ಇವು ಅವನವು. ಇಂಥವನ ಜೊತೆ ನಡೆಯುವ ಮಾತುಕತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು ತಾರೀಖು ಗೊತ್ತು ಮಾಡುವುದಲ್ಲ, ಅದನ್ನು ಊರಿಗೆ ಹೋಗಿ ಮನೆಯಲ್ಲಿ ಹೇಳುವುದು. ಅದಕ್ಕೇ ಕೆಲವು ಕೋಚ್‌ಗಳು ಅವನ ಕೈಯಲ್ಲೇ ಮೊದಲ ವಾಕ್ಯ ಬರೆಸುತ್ತಾರೆ. ‘ಅಪ್ಪಾ, ಮುಂದಿನ ಮಾರ್ಚ್‌ತನಕ ಓದ್ತೀನಿ, ಆಮ್ಯಾಲೆ ಏನ್ ಮಾಡೂದು ಅಂತ ಈಗs ಹೇಳಾಕ ಬಂದೀನಿ.’ ಅದನ್ನು ಜೋರಾಗಿ ಹೇಳಿಸಿ ನೋಡುತ್ತಾರೆ. ಅಪ್ಪ ಸಿಟ್ಟಾದರೆ ಏನು ಹೇಳುವುದು, ಏನೂ ಅನ್ನದೆ ಎದ್ದು ಹೊಲಕ್ಕೆ ಹೋದರೆ ಏನು ಮಾಡುವುದು, ಅವ್ವ ಅತ್ತರೆ ಹೇಗೆ ಎಂಬ ಮೂರಕ್ಕೂ ಅವನ ಬಳಿ ಉತ್ತರ ಇರುವವರೆಗೆ ಅಭ್ಯಾಸ ಮಾಡಿಸುತ್ತಾರೆ.